ಹತ್ತು ಪರದೆಗೆ ಒಂದೇ ಮೀಸೆ

ಅಂಕಲಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಊರಿನ ಸಂಘದ ಕಟ್ಟಡವಿದೆ. ಕೆಳಗೆ ಗೊಬ್ಬರದ ಗೋದಾಮು, ಮೇಲೆ ಒಂದು ಉದ್ದನೆಯ ಖೋಲಿ. ಆ ಖೋಲಿಯ ಮೆಟ್ಟಿಲು ಇಳಿಯುವುದು ನಮ್ಮ ಅಂಗಳಕ್ಕೆ. ಹಾಗಾಗಿ ಕೀಲಿಕೈ ಇರುವುದು ನನ್ನ ಹತ್ತಿರ. ನಾನು ಎರಡನೇ ಇಯತ್ತೆ ಓದಿ ಬಿಟ್ಟವಳು. ಆದರೆ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತ ಕುಳಿತರೆ ಮೇಲಿನ ಮಾತೆಲ್ಲ ನನ್ನ ಮೊರಕ್ಕೇ ಬಂದು ಬೀಳುತ್ತದೆ. ಸಾರಿಕಾಳ ಕಥೆ ನನಗೆ ಸಿಕ್ಕಿದ್ದು ಹಾಗೆ.

ಸಾರಿಕಾ ಅಕ್ಕೋಳದ ಹುಡುಗಿ. ತಾಯಿ ಶೇವಂತಾ ತಂಬಾಕಿನ ಹೊಲಗಳಲ್ಲಿ ಕುಡಿ ಮುರಿಯುವ ಕೂಲಿಗೆ ಹೋಗುತ್ತಿದ್ದಳು. ಮಗಳೂ ಸೆರಗು ಹಿಡಿದು ಹೋಗುತ್ತಿತ್ತು. ಹೊಲದ ಧಣಿ ಬದುವಿನ ಮೇಲೆ ಕೈ ಹಿಂದೆ ಕಟ್ಟಿ ನಡೆದರೆ, ಈ ಹುಡುಗಿ ಅವನ ಬೆನ್ನ ಹಿಂದೆಯೇ ಅದೇ ನಡಿಗೆ ನಡೆದು ತೋರಿಸುತ್ತಿತ್ತಂತೆ. ಹೆಂಗಸರು ನಕ್ಕರೆ ಧಣಿ ತಿರುಗಿ ನೋಡುವನು. ಆಗ ಇವಳು ನಗು ನುಂಗಿ ನಿಲ್ಲುವಳು. ನುಂಗಿದ ನಗು ಸುಮ್ಮನೆ ಹೋಗುತ್ತದೆಯೇ? ಬಿಕ್ಕಳಿಕೆಯಾಗಿ ಹೊರಗೆ ಬರುತ್ತಿತ್ತು. ದೊಡ್ಡವಳಾಗಿ ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕಲಿತಳು, ಝೆರಾಕ್ಸ್ ಅಂಗಡಿಯೊಂದರಲ್ಲಿ ಟೈಪು ಮಾಡಿದಳು. ಬಿಕ್ಕಳಿಕೆ ಮಾತ್ರ ಬಿಡಲಿಲ್ಲ.

ಎರಡು ಸಾವಿರದ ಹತ್ತನೇ ಇಸವಿಯ ಸುಮಾರಿಗೆ ಯಾರೋ ದಾನಿಗಳು ನಮ್ಮ ಸಂಘಕ್ಕೆ ಕಂಪ್ಯೂಟರ್ ಕೊಟ್ಟರು, ಊರಿನ ಹೆಣ್ಣುಮಕ್ಕಳು ಕಲಿಯಲಿ ಎಂದು. ಕಲಿಸಲು ಸಾರಿಕಾ ಬಂದಳು. ದಿನಾ ಅಕ್ಕೋಳದಿಂದ ಹೊರಟು ಚಿಕ್ಕೋಡಿಯಲ್ಲಿ ಗಾಡಿ ಬದಲಿಸಿ, ನಮ್ಮ ಅಂಗಳದಲ್ಲಿ ಚಪ್ಪಲಿ ಬಿಟ್ಟು, "ಆಯೀ, ಕೀಲಿ" ಎಂದು ಕೈ ಚಾಚುತ್ತಿದ್ದಳು.

ಮೇಲೆ ಹತ್ತು ಮಷೀನು ಎಂದು ಊರೆಲ್ಲ ಹೇಳುತ್ತಿತ್ತು. ನಿಜವಾಗಿ ಇದ್ದದ್ದು ಒಂದೇ. ಮೂಲೆಯಲ್ಲಿ ಒಂದು ದೊಡ್ಡದು, ದನದ ಹಾಗೆ ಸದಾ ಉಸಿರುಬಿಡುತ್ತ ನಿಂತಿರುವುದು. ಉಳಿದ ಹತ್ತು ಬರೀ ಪರದೆ, ಮೌಸು ಮತ್ತು ಅಕ್ಷರ ಒತ್ತುವ ಮಣೆ. ಹತ್ತು ಸಣ್ಣ ಮಷೀನುಗಳು ಆ ದೊಡ್ಡದರ ಹೊಟ್ಟೆಯೊಳಗೇ ದಿನಾ ಬೆಳಿಗ್ಗೆ ಹುಟ್ಟಿ, ಸಂಜೆ ಬಂದ್ ಮಾಡಿದಾಗ ಸಾಯುತ್ತಿದ್ದವು. ಕೈಗೆ ಸಿಗದ ಮಷೀನು. ನನಗೆ ತಿಳಿಯಲಿಲ್ಲ. ಸಾರಿಕಾ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು ಹೇಳಿದಳು.

"ಆಯೀ, ಗೌರಿ ಹುಣ್ಣಿಮಿಗೆ ಸಕ್ಕರಿ ಆರತಿ ಮಾಡ್ತೀರಲ್ಲ, ಹಂಗ ನೋಡ್ರಿ. ಕಟಗಿ ಅಚ್ಚು ಒಂದ. ಪಾಕ ಹೊಯ್ದಷ್ಟೂ ಗೊಂಬಿ. ಗೊಂಬಿ ಮ್ಯಾಲ ನೀವು ಏನರ ಗೀರ್ರಿ, ಬರೀರಿ, ಸಂಜಿಕ ಅದನ್ನ ಕರಗಿಸಿಬಿಡೂದು. ಮುಂಜಾನೆ ಮತ್ತ ಅದ ಅಚ್ಚಿನಿಂದ ಹೊಸಾ ಗೊಂಬಿ."

"ಹಂಗ್ಯಾಕ ಮಾಡ್ಯಾರವ್ವ?"

"ಯಾರರ ಏನರ ಕೆಡಿಸಿದ್ರ ಮರುದಿನ ತಾನ ಸ್ವಚ್ಛ ಆಗ್ಲಿ ಅಂತ್ರಿ."

ಸ್ವಚ್ಛವೇನೋ ಆಗುತ್ತಿತ್ತು. ಕೆಟ್ಟದ್ದರ ಜೊತೆ ಒಳ್ಳೆಯದೂ ತೊಳೆದು ಹೋಗುತ್ತಿತ್ತು. ರುಕ್ಮವ್ವನಿಗೆ ಕಣ್ಣು ಮಂಜು, ಅಕ್ಷರ ದಪ್ಪ ಬೇಕು. ಸುಂದರಾಳಿಗೆ ಮರಾಠಿ ಅಕ್ಷರ ಬೇಕು. ಉಳಿದವರಿಗೆ ಕನ್ನಡ. ದಿನಾ ಬೆಳಿಗ್ಗೆ ಸಾರಿಕಾ ಹತ್ತೂ ಕಡೆ ಓಡಾಡಿ ಅಕ್ಷರ ದಪ್ಪ ಮಾಡಿ, ಭಾಷೆ ಬದಲಿಸಿ, ಪ್ರತಿಯೊಬ್ಬರ ಹೆಸರು ಮತ್ತು ಪಾಸ್‌ವರ್ಡ್ ಹಾಕಿಸಿ ಅವರವರ ಟಪಾಲು, ಅಂದರೆ ಇಮೇಲು, ತೆರೆಸಬೇಕು. ಅಷ್ಟರಲ್ಲಿ ಹೆಂಗಸರಿಗೆ ಮನೆಯ ರೊಟ್ಟಿಯ ಹೊತ್ತಾಗುತ್ತಿತ್ತು. ಪಾಠ ಅಲ್ಲಿಗೇ ನಿಂತಿತು.

ರುಕ್ಮವ್ವ ಒಂದು ದಿನ ಪರದೆಯ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತಳು.

"ನೋಡ್ರಿ ಅಕ್ಕೋರ, ನಿನ್ನಿ ಇದಕ್ಕ ನನ್ನ ಹೆಸರ ಹೇಳೇನಿ, ಊರ ಹೇಳೇನಿ, ಕುಲಾ ಗೋತ್ರಾ ಎಲ್ಲಾ ಹೇಳೇನಿ. ಇವತ್ತ ನೀ ಯಾರು ಅಂತೈತಿ. ಕುಡದ ಬಂದ ಗಂಡನೂ ಇಷ್ಟ ಮರಿಯೂದಿಲ್ರಿ."

"ನಿನ್ನ ಗಂಡ ಕುಡೀಲಾರದನೂ ಮರೀತಾನ ಬಿಡಬೇ" ಎಂದಳು ಸುಂದರಾ.

ರುಕ್ಮವ್ವ ತನ್ನ ಪರದೆಯ ಮೂಲೆಗೆ ಒಂದು ಕುಂಕುಮದ ಬೊಟ್ಟು ಇಟ್ಟಳು, ಜಾಗ ಗುರುತಿಗೆ. ಅದನ್ನು ನೋಡಿ ಉಳಿದವರೂ ಇಟ್ಟರು. ಬೆಳಿಗ್ಗೆ ಬಂದರೆ ಕುಂಕುಮ ಇರುತ್ತಿತ್ತು, ಒಳಗಿನದು ಏನೂ ಇರುತ್ತಿರಲಿಲ್ಲ.

ಈ ಮರೆವಿನಿಂದ ಹೆಂಗಸರಿಗಿಂತ ಹೆಚ್ಚು ಸಂಕಟಪಟ್ಟವರು ಇನ್ನೊಬ್ಬರಿದ್ದರು. ಅದು ಊರಿಗೆ ಗೊತ್ತಿರಲಿಲ್ಲ. ಸಾರಿಕಾಳಿಗೆ ಗೊತ್ತಿತ್ತು, ಮೆಟ್ಟಿಲ ಮೇಲೆ ಕುಳಿತ ನನಗೆ ಗೊತ್ತಿತ್ತು.

ಅವರು ಸಂಘದ ಅಧ್ಯಕ್ಷ ಅಣ್ಣಾಸಾಬ. ಹೊಳೆಯ ದಂಡೆಗೆ ಕಬ್ಬು, ಮೇಲಿನ ಮಡ್ಡಿಯ ನೆಲಕ್ಕೆ ದ್ರಾಕ್ಷಿ. ಮುಖಕ್ಕಿಂತ ಅಗಲವಾದ ಮೀಸೆ. ದ್ರಾಕ್ಷಿಯ ದರ ನೋಡಲು ಕಲಿಸು ಎಂದು ಮಧ್ಯಾಹ್ನ ಸಾರಿಕಾಳ ಹತ್ತಿರ ಬಂದವರು, ಮಂದಿ ಹರಟೆ ಹೊಡೆಯುವ ಯಾವುದೋ ತಾಣಕ್ಕೆ ಸೇರಿದರು. ಅಲ್ಲಿ ಒಂದು ಹೊಲದ ಆಟ ಇತ್ತು. ಪರದೆಯ ಮೇಲೆ ಹೊಲ ಉಳುವುದು, ಬೀಜ ಹಾಕುವುದು, ಬೆಳೆದ ಮೇಲೆ ಕೊಯ್ಯುವುದು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಒಣಗುವುದು. ತಮ್ಮ ನಿಜವಾದ ಹೊಲಕ್ಕೆ ವಾರಕ್ಕೊಮ್ಮೆ ಜೀಪಿನಲ್ಲಿ ಹೋಗುತ್ತಿದ್ದ ಅಣ್ಣಾಸಾಬರು ಈ ಹೊಲಕ್ಕೆ ದಿನಾ ಬರತೊಡಗಿದರು. ಕೇಳಿದವರಿಗೆ "ತಪಾಸಣಿ" ಎನ್ನುವರು. ಮನೆಯಲ್ಲಿ ಈ ಆಟ ಆಡುವ ಹಾಗಿರಲಿಲ್ಲ. ಹೆಂಡತಿ ಅಕ್ಕುತಾಯಿಯ ಮುಂದೆ ಅವರು ಟೀವಿಯ ಚಾನಲ್ ಸಹ ಬದಲಿಸುವವರಲ್ಲ.

ಆದರೆ ಮಷೀನು ಅಧ್ಯಕ್ಷರನ್ನೂ ಮರೆಯುತ್ತಿತ್ತು. ಪ್ರತಿ ಸಲ ಹೊಸದಾಗಿ ಪಾಸ್‌ವರ್ಡ್ ಹಾಕಬೇಕು. ಅವರು ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಕೂಗಿ ಒತ್ತುತ್ತಿದ್ದರು. ಅವರ ಪಾಸ್‌ವರ್ಡ್ ಅವರಿಗಿಂತ ಚೆನ್ನಾಗಿ ನನಗೆ ಬಾಯಿಪಾಠವಾಗಿತ್ತು. ಅವರು ಮಾತ್ರ ಸಲಸಲಕ್ಕೂ ತಪ್ಪು ಒತ್ತುವರು, ಕೊನೆಗೆ ಒಂದು ದಿನ ಆ ತಾಣ ಬಾಗಿಲೇ ಮುಚ್ಚಿಕೊಂಡಿತು. ಮರುದಿನ ತೆರೆಯುವ ಹೊತ್ತಿಗೆ ಅವರ ಸ್ಟ್ರಾಬೆರಿ ಒಣಗಿ ಕಡ್ಡಿಯಾಗಿತ್ತು.

ಆ ಸಂಕಟ ಬಾಯಿಬಿಟ್ಟು ಹೇಳುವುದಲ್ಲ. ಅದಕ್ಕೇ ಬೇರೆ ದಾರಿಯಿಂದ ಹೊರಬಂತು. ಗೊಬ್ಬರದ ವ್ಯಾಪಾರಿ ಮಲ್ಲೇಶ ಬಹಳ ದಿನದಿಂದ ಆ ಖೋಲಿಯ ಮೇಲೆ ಕಣ್ಣಿಟ್ಟಿದ್ದ. ಅಣ್ಣಾಸಾಬರು ಸಾರಿಕಾಳನ್ನು ಕರೆದು ಮೀಸೆಯ ಮೇಲೆ ಕೈ ಹಾಕಿದರು.

"ಪೋರಿ, ಸರಳ ಹೇಳ್ತೀನಿ ಕೇಳು. ಗೌರಿ ಹುಣ್ಣಿಮಿ ಒಳಗ ಈ ಮಷೀನ ನೆನಪ ಇಟ್ಕೊಳ್ಳೂದ ಕಲೀಬೇಕು. ಇಲ್ಲಂದ್ರ ಖೋಲಿ ಖಾಲಿ ಮಾಡಿ ಮಲ್ಲೇಶನ ಚೀಲಾ ಒಟ್ಟಿಸ್ತೀನಿ. ಹೆಣ್ಣಮಕ್ಕಳು ಏನೂ ಕಲಿಯಾಕತ್ತಿಲ್ಲ."

"ಹೆಣ್ಣಮಕ್ಕಳ ಸಲುವಾಗಿ ನಿಮಗ ಭಾಳ ಕಾಳಜಿ ನೋಡ್ರಿ ಸಾವಕಾರ್ರ" ಎಂದಳು ಸಾರಿಕಾ, ಬಿಕ್ಕಳಿಸುತ್ತ.

ಅಂದು ಕೆಳಗಿಳಿದು ಬಂದಾಗ ಮಾತ್ರ ನಗುತ್ತಿರಲಿಲ್ಲ. ಈ ಖೋಲಿ ಹೋದರೆ ರುಕ್ಮವ್ವ, ಸುಂದರಾ ಮತ್ತೆ ಮೂರೂ ಹೊತ್ತು ಅಣ್ಣಾಸಾಬರ ಕಬ್ಬಿನಲ್ಲೇ ಇರಬೇಕು, ಇವಳು ನಿಪ್ಪಾಣಿಯ ಝೆರಾಕ್ಸ್ ಅಂಗಡಿಗೆ ಹೋಗಬೇಕು. "ಹ್ಯಾಂಗ ಮಾಡೂದು ಗೊತ್ತಿಲ್ಲಾಯೀ. ಕಲ್ತಿಲ್ಲ. ಆದ್ರ ಮಾಡ್ತೀನಿ" ಎಂದು ಚಹಾ ಕುಡಿಯದೆ ಗಾಡಿಗೆ ಹೋದಳು.

ಮೊದಲು ಅವಳಿಗೆ ಹೊಳೆದ ದಾರಿ ಅಚ್ಚನ್ನೇ ತಿದ್ದುವುದು. ದೊಡ್ಡ ಮಷೀನಿಗೆ ಕುಳಿತು ಅಚ್ಚನ್ನು ತೆರೆದು ಅದರೊಳಗೆ ಕನ್ನಡ, ಮರಾಠಿ ಅಕ್ಷರ ಎರಡನ್ನೂ ಕೂಡಿಸುತ್ತಿದ್ದಳು. ಅಚ್ಚಿನಲ್ಲಿ ಇದ್ದರೆ ಎಲ್ಲಾ ಗೊಂಬೆಗಳಲ್ಲೂ ಬರುತ್ತದಲ್ಲ. ಆ ಕೆಲಸ ಅರ್ಧವಾಗಿರುವಾಗ ಮೆಟ್ಟಿಲ ಮೇಲೆ ಅಣ್ಣಾಸಾಬರ ಬೂಟಿನ ಸದ್ದು. ನಾನು ಮೊರ ಎತ್ತಿ ದಾರಿ ಬಿಟ್ಟೆ.

"ಇದೇನ ಪೋರಿ? ನೀ ದೊಡ್ಡ ಮಷೀನಕ್ಕ ಕುಂತೀದಿ, ಅಧ್ಯಕ್ಷ ಸಣ್ಣದಕ್ಕ ಕುಂದರಬೇಕು?"

"ಇದು ಅಚ್ಚು ಐತ್ರಿ ಸಾವಕಾರ್ರ. ಇಲ್ಲಿ ಕುಂದರಬ್ಯಾಡ್ರಿ. ಇಲ್ಲಿ ಮಾಡಿದ್ದು ಎಲ್ಲಾ ಕಡೆ ಬರತೈತಿ."

"ಸಂಘದಾಗ ದೊಡ್ಡ ಖುರ್ಚಿ ಯಾರದು?"

"ನಿಮ್ದರಿ."

"ದೊಡ್ಡ ಟೇಬಲ್?"

"ನಿಮ್ದರಿ."

"ಹಂಗಾರ ದೊಡ್ಡ ಮಷೀನ?"

ಕುರ್ಚಿ ಹಿಂದೆ ಸರಿದ ಸದ್ದಾಯಿತು. ಆಮೇಲೆ ಸಾರಿಕಾಳ ದನಿ ಕೇಳಿತು, ಬೆಣ್ಣೆಯ ಹಾಗೆ: "ಕುಂದರ್ರಿ ಸಾವಕಾರ್ರ. ನಾ ಎರಡೆರಡು ಸಲ ಹೇಳಾಕ ಯಾರ್ರಿ?"

ಅವಳು ಕೆಳಗೆ ಬಂದು ನನ್ನ ಪಕ್ಕ ಕುಳಿತಳು. ಮೇಲೆ ಅಣ್ಣಾಸಾಬರು ಪಾಸ್‌ವರ್ಡ್ ಕೂಗಿದರು. ಕಡೆಗೆ, "ನೆನಪ ಇಟ್ಕೋಬೇಕೇನು ಅಂತ ಕೇಳಾಕತ್ತೈತಲ್ಲ ಇದು! ಇಟ್ಕೋ, ಇಟ್ಕೋ!" ಎಂದು ಸಂತೋಷಪಟ್ಟದ್ದೂ ಕೇಳಿತು. ಸಾರಿಕಾ ಓಢಣಿಯ ತುದಿ ಬಾಯಿಗಿಟ್ಟುಕೊಂಡಳು. ನಾನು ತಂಬಿಗೆ ನೀರು ಕೊಟ್ಟೆ. ಬಿಕ್ಕಳಿಕೆ ನಿಲ್ಲಲಿಲ್ಲ. ಅವರು ಹೋದ ಮೇಲೆ ಇವಳು ಮೇಲೆ ಹೋಗಿ, ತನ್ನ ಅಕ್ಷರದ ಕೆಲಸ ಮುಗಿಸಿ, ಅಚ್ಚನ್ನು ಮುಚ್ಚಿ ಕೀಲಿ ತಂದುಕೊಟ್ಟಳು.

"ಅವರು ಮಾಡಿದ್ದು ಅಳಿಸಿದೇನವ್ವ?" ಎಂದೆ.

"ಅಧ್ಯಕ್ಷರು ಮಾಡಿದ್ದನ್ನ ಅಳಿಸೂ ಅಧಿಕಾರ ನನಗೆಲ್ಲೈತಿ ಆಯೀ?" ಎಂದು ಗಾಡಿಗೆ ಓಡಿದಳು.

ಮರುದಿನ ಬೆಳಿಗ್ಗೆ ಹೆಂಗಸರು ಬಂದು ಮಷೀನು ಹಚ್ಚಿದರು. ಮೇಲಿನಿಂದ ಒಂದು ಕೂಗು. ಕಳ್ಳ ಬಂದನೇನೋ ಎಂದು ನಾನೂ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಹತ್ತೂ ಪರದೆಯ ಮೇಲೆ ಅಣ್ಣಾಸಾಬ. ಹತ್ತೂ ಕಡೆ ಆ ಹರಟೆಯ ತಾಣದಲ್ಲಿ ಅವರು ಹಾಕಿದ ಅದೇ ಫೋಟೋ, ಅದೇ ಮೀಸೆ, ಇಲೆಕ್ಷನ್ ಹೊತ್ತಿನ ಗೋಡೆಯ ಹಾಗೆ. ಪಕ್ಕದಲ್ಲೇ ಅವರ ಹೊಲಕ್ಕೆ ಹೋಗುವ ದಾರಿ. ಒಬ್ಬಳು ಒತ್ತಿದಳು, ಎಲ್ಲರೂ ಒತ್ತಿದರು. ಹಸಿರು ಹೊಲ ತೆರೆಯಿತು. ಗೋವಿನಜೋಳ ತೆನೆಬಿಟ್ಟು ನಿಂತಿತ್ತು, ದ್ರಾಕ್ಷಿ ಮಾಗಿತ್ತು, ಒಂದು ಆಕಳು ಬಾಲ ಅಲ್ಲಾಡಿಸುತ್ತಿತ್ತು.

ಬೇರೆ ಊರಿನ ಹೆಂಗಸರಾದರೆ ನೋಡಿ ನಕ್ಕು ಬಂದ್ ಮಾಡುತ್ತಿದ್ದರೇನೋ. ಇವರು ಹತ್ತೂ ಮಂದಿ ಹೊಲದಲ್ಲಿ ಬೆಳೆದವರು. ಬಲಿತ ಬೆಳೆ ಕಂಡರೆ ಕೈ ಸುಮ್ಮನಿರುವುದಿಲ್ಲ.

"ಅಯ್ಯ, ತೆನಿ ಒಣಗಾಕತ್ತೈತಿ. ಮುರೀರಬೇ!" ಎಂದಳು ರುಕ್ಮವ್ವ.

ಮುರಿದರು. ಹತ್ತು ಮಂದಿ ಒಂದೇ ಹೊಲಕ್ಕೆ ಇಳಿದರೆ ಎಷ್ಟು ಹೊತ್ತು? ರುಕ್ಮವ್ವ ಬದನೆ ಹಚ್ಚಿದಳು. ಅದೇ ಹೊಲವನ್ನು ಸುಂದರಾ ತನ್ನ ಪರದೆಯಿಂದ ಉತ್ತುಬಿಟ್ಟಳು. ಮೂಲೆಯಲ್ಲಿ ಯಾರೋ ಆಕಳನ್ನು ಮಾರಿದರು.

"ನಾ ಹಚ್ಚಿದ ಬದನಿ ಯಾವಕಿ ಕಿತ್ತಾಳ?"

"ಅದು ನಿಂದಂತ ಬರದೈತೇನು? ಧಣ್ಯಾರ ಹೊಲ ಅದು."

"ಹಂಗಾರ ಇಲ್ಲಿ ಕೂಲಿ ಆಳು ಯಾರೂ ಕಾಣವಲ್ರಲ್ಲಬೇ, ಯಾರ ಮಾಡ್ತಾರ ಈ ಹೊಲಾ?"

"ಧಣಿ ತಾನ ಉಳತಾನಂತ, ತಾನ ಕೊಯ್ತಾನಂತ" ಎಂದು ಸಾರಿಕಾ ತಿಳಿಸಿದಳು.

ರುಕ್ಮವ್ವ ಕುರ್ಚಿಗೆ ಒರಗಿದಳು. "ಅಣ್ಣಾಸಾಬ್ರು? ತಾವ ಖುದ್ದ? ಹಂಗಾರ ಇದು ಖರೇನ ಆಟ ಬಿಡ್ರಿ."

ಆ ನಗುವಿನಲ್ಲಿ ಮೆಟ್ಟಿಲ ಮೇಲಿನ ಬೂಟಿನ ಸದ್ದು ಯಾರಿಗೂ ಕೇಳಲಿಲ್ಲ. ಬಾಗಿಲಲ್ಲಿ ಅಣ್ಣಾಸಾಬರು, ಹಿಂದೆ ಅಳೆಯುವ ಟೇಪು ಹಿಡಿದ ಮಲ್ಲೇಶ. ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು. ಮಲ್ಲೇಶನಿಗೆ ತಡೆಯಲಾಗಿರಲಿಲ್ಲ, ಚೀಲ ಎಷ್ಟು ಹಿಡಿಯುತ್ತವೆ ಎಂದು ನೋಡಲು ಧಣಿಯನ್ನೂ ಎಬ್ಬಿಸಿಕೊಂಡು ಬಂದಿದ್ದ.

ಅಣ್ಣಾಸಾಬರು ತಮ್ಮನ್ನು ಹತ್ತು ಸಲ ನೋಡಿಕೊಂಡರು. ಆಮೇಲೆ ಹೊಲ ನೋಡಿದರು. ಜೋಳ ಇರಲಿಲ್ಲ, ಆಕಳು ಇರಲಿಲ್ಲ, ಎಲ್ಲೆಡೆ ಅರ್ಧ ಉತ್ತ ನೆಲ. ಬಾಯಿ ತೆರೆದರು. ಆದರೆ ಏನೆಂದು ಕೇಳಬೇಕು? ನನ್ನ ಆಕಳು ಎಲ್ಲಿ ಎಂದು ಮಲ್ಲೇಶನ ಮುಂದೆ ಕೇಳಲು ಆಗುತ್ತದೆಯೇ?

"ಅಧ್ಯಕ್ಷರ, ಇದೇನರೀ? ನಿಮ್ಮ ಫೋಟೋ?" ಎಂದ ಮಲ್ಲೇಶ.

ಖೋಲಿ ಉಳಿಯುವುದೋ ಹೋಗುವುದೋ ಆ ಗಳಿಗೆಯಲ್ಲಿ ತೂಗುತ್ತಿತ್ತು. ಸಾರಿಕಾ ಎದ್ದು ನಿಂತಳು. ಮುಖ ಇಷ್ಟೂ ಅಲುಗಲಿಲ್ಲ.

"ಗೊತ್ತಿಲ್ಲೇನ್ರಿ ಮಲ್ಲೇಶಣ್ಣ? ಇದು ಬೇಸಾಯದ ಪಾಠಾ. ಮೌಸ್ ಹಿಡಿಯೂದು ರೂಢಿ ಆಗಲಿ ಅಂತ ಅಧ್ಯಕ್ಷರು ತಮ್ಮ ಸ್ವಂತ ಹೊಲಾನ ಹೆಣ್ಣಮಕ್ಕಳ ಕೈಯಾಗ ಕೊಟ್ಟಾರ. ಯಾವ ಊರಿನ ಅಧ್ಯಕ್ಷರು ಹಿಂಗ ಮಾಡ್ಯಾರ ಹೇಳ್ರಿ? ಹೌದಲ್ರೀ ಸಾವಕಾರ್ರ?"

ಅಣ್ಣಾಸಾಬರ ಮೀಸೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. "ಹೂಂ... ಪಾಠಾ" ಎಂದರು.

"ಹಂಗಾರ ಖೋಲಿ?" ಎಂದ ಮಲ್ಲೇಶ, ಟೇಪು ಎಳೆದು ಹಿಡಿದೇ.

"ಹುಣ್ಣಿಮಿ ಮಟಾ ತಡಿಯಪಾ. ಪಾಠಾ ನಡದೈತಿ, ಕಾಣೂದಿಲ್ಲ?"

ಮಲ್ಲೇಶ ಇಳಿದು ಹೋದ. ಅಣ್ಣಾಸಾಬರು ಮಾತ್ರ ಸಾರಿಕಾಳ ಹತ್ತಿರ ಬಂದು ದನಿ ತಗ್ಗಿಸಿದರು. "ಪೋರಿ, ಆ ಆಕಳಾ... ಹೊಳ್ಳಿ ಬರತೈತೇನು?" ಉತ್ತರವಾಗಿ ಅವಳಿಂದ ಬಂದದ್ದು ಬಿಕ್ಕಳಿಕೆ ಒಂದೇ.

ಗೆದ್ದದ್ದು ಅರ್ಧ ಮಾತ್ರ, ಹುಣ್ಣಿಮೆಯ ಷರತ್ತು ಹಾಗೆಯೇ ಇತ್ತು. ಆದರೆ ಈ ಗದ್ದಲದಿಂದ ಸಾರಿಕಾಳಿಗೆ ಒಂದು ತಿಳಿವು ಬಂದಿತ್ತು. ಅಚ್ಚಿನಲ್ಲಿ ಎಲ್ಲರಿಗೂ ಬೇಕಾದದ್ದನ್ನು ಮಾತ್ರ ಇಡಬೇಕು. ಒಬ್ಬರ ಗುಟ್ಟು ಅಚ್ಚಿಗೆ ಬಿದ್ದರೆ ಊರ ಗುಟ್ಟು. ಹಾಗಾದರೆ ಒಬ್ಬೊಬ್ಬರದು ಎಲ್ಲಿ ಇರಬೇಕು? ನಿಪ್ಪಾಣಿಯಲ್ಲಿ ತನಗೆ ಕಲಿಸಿದವರಿಗೆ ಫೋನು ಹಚ್ಚಿ ಕೇಳಿದಳು. ಮೊದಲು ಅಚ್ಚಿನೊಳಗಿಂದ ಅಣ್ಣಾಸಾಬರನ್ನು ಒರೆಸಿ ತೆಗೆದಳು. ಆಮೇಲೆ ದೊಡ್ಡ ಮಷೀನಿನಲ್ಲಿ ಸಂಜೆ ಅಳಿಸಿ ಹೋಗದ ಒಂದು ಜಾಗ ಮಾಡಿ, ಅದರಲ್ಲಿ ಹತ್ತು ಮಂದಿಗೆ ಹತ್ತು ಪಾಲು ಮಾಡಿದಳು. ನನಗೆ ಹೀಗೆ ತಿಳಿಸಿದಳು.

"ನಿಮ್ಮನಿ ಗ್ವಾಡ್ಯಾಗ ಗೂಡು ಅದಾವಲ್ಲ ಆಯೀ. ಅಡಗಿಮನಿ ಎಲ್ಲಾರದು. ಹಣಗಿ, ಕನ್ನಡಿ, ಕುಂಕುಮದ ಭರಣಿ ಒಬ್ಬೊಬ್ಬ ಸೊಸಿದು ಒಂದೊಂದು ಗೂಡಿನ್ಯಾಗ. ಮಷೀನ ದಿನಾ ಹೊಸಾದ ಹುಟ್ಟಲಿ. ಹುಟ್ಟಿದ ಕೂಡ್ಲೆ ತನ್ನ ಗೂಡಿಗೆ ಕೈ ಹಾಕಿ, ಓ, ನಾ ರುಕ್ಮವ್ವನ ಮಷೀನ, ನನಗ ದಪ್ಪ ಅಕ್ಷರ ಬೇಕು ಅಂತ ತಿಳ್ಕೊಬೇಕು."

ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲನೆಯ ಬೆಳಿಗ್ಗೆ ಅಕ್ಷರ ದಪ್ಪ ಉಳಿದಿತ್ತು, ಭಾಷೆ ಉಳಿದಿತ್ತು, ಟಪಾಲಿನ ಲಾಗಿನ್ ಮಾತ್ರ ಹೋಗಿತ್ತು. ರುಕ್ಮವ್ವ ಹಣೆ ಬಡಿದುಕೊಂಡಳು: "ಈಗ ಮಾರಿ ಗುರ್ತ ಹಿಡಿತೈತ್ರಿ, ಹೆಸರ ಮರತೈತಿ." ಸಾರಿಕಾ ಊಟ ಬಿಟ್ಟು ಹುಡುಕಿದಳು. ಟಪಾಲು ತೆರೆಯುವ ಪ್ರೋಗ್ರಾಮು ತನ್ನ ಲಾಗಿನ್ನನ್ನು ಗೂಡಿನಲ್ಲಿ ಇಡದೆ, ಅಳಿಸಿ ಹೋಗುವ ಕಡೆಯೇ ಬಚ್ಚಿಡುತ್ತಿತ್ತು, ಗಂಟನ್ನು ತವರಿನಲ್ಲೇ ಇಡುವ ಸೊಸೆಯ ಹಾಗೆ. ಆ ಜಾಗವನ್ನೂ ಗೂಡಿಗೆ ಕಟ್ಟಿಹಾಕಿದಳು.

ಗೌರಿ ಹುಣ್ಣಿಮೆಯ ಬೆಳಿಗ್ಗೆ ನಾನು ಸಕ್ಕರೆ ಆರತಿಯ ಗೊಂಬೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮೇಲೆ ಹೋದೆ. ಅಣ್ಣಾಸಾಬರು ಕೈ ಹಿಂದೆ ಕಟ್ಟಿ ನಿಂತಿದ್ದರು, ಮಲ್ಲೇಶ ಬಾಗಿಲಲ್ಲಿ. ಸಾರಿಕಾ ಎಲ್ಲರ ಎದುರು ದೊಡ್ಡ ಮಷೀನನ್ನು ಪೂರ್ತಿ ಬಂದ್ ಮಾಡಿದಳು. ಅದರ ಉಸಿರು ನಿಂತಿತು. ಹೆಂಗಸರ ಉಸಿರೂ ನಿಂತಿತು. ಮತ್ತೆ ಹಚ್ಚಿದಳು.

ರುಕ್ಮವ್ವನ ಪರದೆ ದಪ್ಪ ಅಕ್ಷರದಲ್ಲಿ ಅವಳ ಹೆಸರು ತೋರಿಸಿತು. ಸುಂದರಾಳದು ಮರಾಠಿಯಲ್ಲಿ ತೆರೆಯಿತು. ಹತ್ತಕ್ಕೆ ಹತ್ತು ತಮ್ಮ ತಮ್ಮ ಒಡತಿಯನ್ನು ಗುರುತು ಹಿಡಿದವು. ಮೀಸೆ ಎಲ್ಲೂ ಇರಲಿಲ್ಲ.

"ಗುರ್ತ ಹಿಡೀತು ನೋಡ್ರೀ ಧಣ್ಯಾರ!" ಎಂದು ರುಕ್ಮವ್ವ ಪರದೆಗೆ ಇನ್ನೊಂದು ಬೊಟ್ಟು ಕುಂಕುಮ ಹಚ್ಚಿದಳು.

"ಮತ್ತ ನಂದು?" ಎಂದರು ಅಣ್ಣಾಸಾಬರು, ಬಾಯಿ ತಪ್ಪಿ.

ಸಾರಿಕಾ ಕಿಟಕಿಯ ಪಕ್ಕದ ಮೂಲೆ ತೋರಿಸಿದಳು. ಅಲ್ಲಿ ಅವಳು ನಿಪ್ಪಾಣಿಯಿಂದ ತರಿಸಿದ ಹನ್ನೊಂದನೆಯ ಪರದೆ, ಗೋಡೆಗೆ ಬೆನ್ನು ಹಚ್ಚಿ ಕುಳಿತರೆ ಹಿಂದಿನಿಂದ ಯಾರಿಗೂ ಕಾಣದ ಹಾಗೆ. "ತಪಾಸಣಿಗಂತ ಬ್ಯಾರೆ ಗೂಡು ಮಾಡೇನ್ರಿ. ದೊಡ್ಡ ಮಷೀನಕ್ಕ ಮಾತ್ರ ಕುಂದರಬ್ಯಾಡ್ರಿ." ಅಣ್ಣಾಸಾಬರು ಆ ಮೂಲೆಗೆ ಹೋಗಿ ಕುಳಿತರು, ಮಲ್ಲೇಶನ ಚೀಲದ ಮಾತು ಅಲ್ಲಿಗೇ ನಿಂತಿತು.

ಆದರೆ ಆ ಹೊತ್ತಿಗೆ ಕಥೆ ಮನೆ ಮುಟ್ಟಿತ್ತು. ಸಂಜೆ ಆರತಿ ಮುಗಿಸಿ, ರೇಷ್ಮೆ ಸೀರೆಯಲ್ಲೇ ಅಕ್ಕುತಾಯಿ ಮೆಟ್ಟಿಲು ಹತ್ತಿದಳು. "ನಮ್ಮ ಹೊಲಕ್ಕ ಊರ ಹೆಣ್ಣಮಕ್ಕಳೆಲ್ಲಾ ಹೋಗಿ ಬಂದಾರಂತ. ಮನಿ ಒಡತಿ ನಾ ನೋಡಿಲ್ಲ. ಎಲ್ಲೈತಿ ತೋರಸು ಪೋರಿ." ಸಾರಿಕಾ ಹನ್ನೆರಡನೆಯ ಗೂಡು ಮಾಡಿದಳು. ಅಕ್ಕುತಾಯಿಯ ಹೊಲ ಗಂಡನ ಹೊಲದ ಪಕ್ಕಕ್ಕೇ ಬಿತ್ತು. ನಾಲ್ಕು ತಿಂಗಳಲ್ಲಿ ಅವಳದು ಅವರದಕ್ಕಿಂತ ದೊಡ್ಡದಾಯಿತು. ಅವಳ ಆಕಳನ್ನು ಯಾರೂ ಮಾರಲಿಲ್ಲ.

ಮುಂದಿನ ವರ್ಷ ದ್ರಾಕ್ಷಿಯ ಕಾಲಕ್ಕೆ ಮಲ್ಲೇಶ ಮತ್ತೆ ಬಂದ, ಅದೇ ಟೇಪು ಹಿಡಿದು. ಅಧ್ಯಕ್ಷರು ಮೂಲೆಯಲ್ಲಿ ತಲೆ ತಗ್ಗಿಸಿದರು. ಉತ್ತರ ಕೊಟ್ಟವಳು ಪರದೆಯಿಂದ ಕಣ್ಣು ಕೀಳದ ಅಕ್ಕುತಾಯಿ.

"ಮಲ್ಲೇಶಾ, ಇವತ್ತ ನನ್ನ ದ್ರಾಕ್ಷಿ ಮಾಗತಾವ. ಟೇಪ ಸುತಗೊಂಡ ಕೆಳಗ ಇಳಿ."

ಅವನು ನನ್ನ ಮುಂದಿನಿಂದಲೇ ಇಳಿದು ಹೋದ. ಮೇಲಿನಿಂದ ಸಾರಿಕಾಳ ಬಿಕ್ಕಳಿಕೆ ಕೇಳುತ್ತಿತ್ತು. ನಾನು ಮೊರ ಪಕ್ಕಕ್ಕಿಟ್ಟು ನೀರಿನ ತಂಬಿಗೆ ತರಲು ಎದ್ದೆ.